ಡಿಕ್ಕಿ ಬೀಗ, ಕಾರಿನ ಕೀ: ಯಾವುದು ಯಾರಿಗೆ ಸರಿ?

ಕಾರು ಕೊಳ್ಳುವಾಗ ಕೀಯನ್ನೂ ಡಿಕ್ಕಿಯನ್ನೂ ಬೇರೆ ಬೇರೆಯಾಗಿ ನೋಡುವವರೇ ಹೆಚ್ಚು. ಬಟನ್ ಸ್ಟಾರ್ಟ್ ಇದೆಯೇ, ಡಿಕ್ಕಿ ಎಷ್ಟು ಲೀಟರ್, ಅಲ್ಲಿಗೆ ಮಾತು ಮುಗಿಯಿತು. ಬ್ಯಾಟರಿ ಕೈಕೊಟ್ಟ ದಿನ ಅಥವಾ ಕೀ ಡಿಕ್ಕಿಯೊಳಗೇ ಉಳಿದು ಮುಚ್ಚಳ ಬಿದ್ದ ದಿನ ಎರಡೂ ಸೇರಿ ಒಂದೇ ಪ್ರಶ್ನೆಯಾಗುತ್ತವೆ: ಕರೆಂಟ್ ಇಲ್ಲದೆ ಈ ಡಿಕ್ಕಿ ತೆರೆಯಲು ದಾರಿ ಇದೆಯೇ, ಇದ್ದರೆ ಎಲ್ಲಿ? ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಉಳಿದ ಸೌಕರ್ಯಗಳನ್ನು ತೂಗಿ ನೋಡಬೇಕು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸಾಮಾನ್ಯ ಕುಟುಂಬಕ್ಕೆ ಚಿಪ್ ಇರುವ, ರಿಮೋಟ್ ಇರುವ, ತಿರುಗಿಸಿ ಸ್ಟಾರ್ಟ್ ಮಾಡುವ ಲೋಹದ ಕೀ ಇವತ್ತಿಗೂ ಅತ್ಯಂತ ಲಾಭದ ಆಯ್ಕೆ. ಜೇಬಿನಿಂದ ತೆಗೆಯದೆಯೇ ಕೆಲಸ ಮಾಡುವ ಸ್ಮಾರ್ಟ್ ಕೀಯ ಸೌಕರ್ಯ ದೊಡ್ಡದು, ಆದರೆ ಅದನ್ನು ತೆಗೆದುಕೊಳ್ಳುವವರು ಎರಡನೇ ಕೀಯನ್ನು ಜೋಪಾನ ಮಾಡುವ ಶಿಸ್ತನ್ನೂ ಜೊತೆಗೇ ತೆಗೆದುಕೊಳ್ಳಬೇಕು.

ಕೀಗಳಲ್ಲಿ ನಾಲ್ಕು ಬಗೆ

ಬರೀ ಲೋಹದ ಕೀ ಹಳೆಯ ಅಂಬಾಸಿಡರ್, ಮೊದಲ ತಲೆಮಾರಿನ ಮಾರುತಿ 800 ಕಾಲದ್ದು. ಬೀಗದ ಕೊಳವೆಯೊಳಗೆ ತೆಳುವಾದ ಹಿತ್ತಾಳೆ ಪಟ್ಟಿಗಳು ಸ್ಪ್ರಿಂಗ್ ಮೇಲೆ ಕೂತಿರುತ್ತವೆ. ಕೀಯ ಹಲ್ಲುಗಳು ಪ್ರತಿ ಪಟ್ಟಿಯನ್ನೂ ತಕ್ಕ ಎತ್ತರಕ್ಕೆ ತಂದಾಗ ಕೊಳವೆ ತಿರುಗುತ್ತದೆ. ಇದರ ಶತ್ರು ಸವೆತ. ವರ್ಷಗಟ್ಟಲೆ ಬಳಸಿದ ಕೀಯ ಹಲ್ಲು ಕಾಲು ಮಿಲಿಮೀಟರ್ ಇಳಿದರೂ ಪಟ್ಟಿ ಪೂರ್ತಿ ಏಳುವುದಿಲ್ಲ, ಅಲ್ಲಾಡಿಸಿ ಅಲ್ಲಾಡಿಸಿ ತಿರುಗಿಸಬೇಕಾಗುತ್ತದೆ. ಸವೆದ ಕೀಯನ್ನೇ ಕೊಟ್ಟು ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಹೊಸ ಕಾರಿನ ಜೊತೆ ಸಣ್ಣ ತಗಡಿನ ಬಿಲ್ಲೆ ಅಥವಾ ಚೀಟಿಯಲ್ಲಿ ಕೀ ನಂಬರ್ ಬಂದಿರುತ್ತದೆ. ಆ ನಂಬರಿನಿಂದ ಕತ್ತರಿಸಿದ ಕೀ ಹೊಸದರಂತೆಯೇ ಕೂರುತ್ತದೆ. ಬಿಲ್ಲೆಯನ್ನು ಕೀ ಗೊಂಚಲಿಗೆ ಪೋಣಿಸಬೇಡಿ. ಕೀ ಕಳೆದರೆ ಅದೂ ಕಳೆಯುತ್ತದೆ, ಸಿಕ್ಕವರಿಗೆ ಕೀ ಮಾಡಿಸುವ ದಾರಿಯೂ ಸಿಗುತ್ತದೆ.

ಚಿಪ್ ಕೀ ನೋಡಲು ಲೋಹದ ಕೀಯಂತೆಯೇ, ತಲೆ ಮಾತ್ರ ದಪ್ಪ ಪ್ಲಾಸ್ಟಿಕ್. ಒಳಗೆ ಬ್ಯಾಟರಿ ಬೇಡದ ಪುಟ್ಟ ಚಿಪ್ ಇರುತ್ತದೆ. ಇಗ್ನಿಷನ್ ಕೊಳವೆಯ ಸುತ್ತ ಇರುವ ತಂತಿಯ ಸುರುಳಿ ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನಲ್ಲಿ ಚಿಪ್ಪಿಗೆ ಶಕ್ತಿ ಕೊಟ್ಟು ಅದರ ಗುರುತನ್ನು ಓದಿಕೊಳ್ಳುತ್ತದೆ. ಗುರುತು ಹೊಂದದಿದ್ದರೆ ಎಂಜಿನ್ ಕಂಪ್ಯೂಟರ್ ಇಂಧನವನ್ನೋ ಕಿಡಿಯನ್ನೋ ಕೊಡುವುದಿಲ್ಲ. ಇದೇ ಇಮ್ಮೊಬಿಲೈಸರ್. ಮಾರುತಿ ಕಾರುಗಳಲ್ಲಿ ಐಕ್ಯಾಟ್ಸ್ ಎಂಬ ಹೆಸರಿನಲ್ಲಿ ಬಂದದ್ದು ಇದೇ. ಕೆಟ್ಟಾಗಿನ ಲಕ್ಷಣ ಗುರುತಿಸುವುದು ಸುಲಭ: ಸ್ಟಾರ್ಟರ್ ತಿರುಗುತ್ತದೆ ಆದರೆ ಎಂಜಿನ್ ಹಿಡಿಯುವುದಿಲ್ಲ, ಅಥವಾ ಹಿಡಿದು ಎರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿರುತ್ತದೆ. ಮೆಕ್ಯಾನಿಕ್ಕಿಗೆ ಫೋನ್ ಮಾಡುವ ಮೊದಲು ಗೊಂಚಲಿನಿಂದ ಬೇರೆ ವಾಹನದ ಚಿಪ್ ಕೀಗಳನ್ನು ತೆಗೆದು ನೋಡಿ. ಎರಡು ಚಿಪ್ ಒಂದೇ ಸುರುಳಿಯ ಬಳಿ ಬಂದರೆ ಓದು ಕೆಡುತ್ತದೆ. ಆಮೇಲೆ ಎರಡನೇ ಕೀ ಹಾಕಿ ನೋಡಿ. ಅದರಲ್ಲಿ ಹಿಡಿದರೆ ದೋಷ ಮೊದಲ ಕೀಯದ್ದು, ಕಾರಿನದ್ದಲ್ಲ.

ಈ ಚಿಪ್ಪಿನ ಬೆಲೆ ಏನೆಂದು ತಿಳಿಯಲು ಅಮೆರಿಕದ ಕಡೆ ನೋಡಬೇಕು. ಯುರೋಪಿನಲ್ಲಿ 1998ರಿಂದಲೇ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಮಾರಾಟವಾದ, ತಿರುಗಿಸಿ ಸ್ಟಾರ್ಟ್ ಮಾಡುವ ಅನೇಕ ಹುಂಡೈ, ಕಿಯಾ ಕಾರುಗಳಲ್ಲಿ ಚಿಪ್ ಇರಲಿಲ್ಲ. ಸ್ಟಿಯರಿಂಗ್ ಕೆಳಗಿನ ಹೊದಿಕೆ ಕಿತ್ತು ಬೀಗದ ಕೊಳವೆ ತೆಗೆದು ಯುಎಸ್‌ಬಿ ತುದಿಯಿಂದ ತಿರುಗಿಸುವ ವಿಡಿಯೋಗಳು ಹರಡಿ, 2021ರ ನಂತರ ಅವುಗಳ ಕಳವು ವಿಪರೀತವಾಯಿತು. ಅಲ್ಲಿ ನೆಲೆಸಿರುವ ಕನ್ನಡಿಗರು ಆ ಕಾಲದ ಹಳೆಯ ಕಾರು ಕೊಳ್ಳುವಾಗ ಇಮ್ಮೊಬಿಲೈಸರ್ ಇದೆಯೇ ಎಂದು ಖಚಿತ ಮಾಡಿಕೊಳ್ಳಲೇಬೇಕು.

ರಿಮೋಟ್ ಕೀ ಅಂದರೆ ಚಿಪ್ ಕೀಗೆ ಬಟನ್ ಸೇರಿಸಿದ್ದು. ಒಂದೇ ಕವಚದೊಳಗೆ ಎರಡು ಪ್ರತ್ಯೇಕ ಸಾಧನಗಳಿವೆ ಎಂಬುದನ್ನು ನೆನಪಿಡಬೇಕು. ಬಾಗಿಲು ತೆರೆಯುವ ರಿಮೋಟ್ ಬ್ಯಾಟರಿಯಿಂದ ನಡೆಯುತ್ತದೆ, ನಮ್ಮಲ್ಲಿ ಹೆಚ್ಚಾಗಿ 433 ಮೆಗಾಹರ್ಟ್ಸ್‌ನಲ್ಲಿ. ಎಂಜಿನ್ನಿಗೆ ಅನುಮತಿ ಕೊಡುವ ಚಿಪ್ಪಿಗೆ ಬ್ಯಾಟರಿ ಬೇಡ. ಹಾಗಾಗಿ ರಿಮೋಟ್ ಸತ್ತರೂ ಬಾಗಿಲನ್ನು ಕೀಯಿಂದ ತೆರೆದು ಕಾರನ್ನು ಎಂದಿನಂತೆ ಓಡಿಸಬಹುದು. ಬಟನ್ ರಬ್ಬರ್ ಹರಿದಾಗ ಜನ ಹೊಸ ಮಡಚುವ ಕವಚ ತಂದು ಹಾಕಿಸಿಕೊಳ್ಳುತ್ತಾರೆ. ಅಲ್ಲೇ ಎಡವಟ್ಟಾಗುವುದು. ಹಲವು ಕೀಗಳಲ್ಲಿ ಚಿಪ್ ಸರ್ಕ್ಯೂಟ್ ಹಲಗೆಯ ಮೇಲಿರುವುದಿಲ್ಲ. ಸುಮಾರು 12 ಮಿಲಿಮೀಟರ್ ಉದ್ದದ ಕಪ್ಪು ತುಂಡಾಗಿ ಹಳೆಯ ಕವಚದ ಮೂಲೆಯೊಂದರ ಗೂಡಿನಲ್ಲಿ ಕೂತಿರುತ್ತದೆ. ಹಲಗೆ ಮಾತ್ರ ವರ್ಗಾಯಿಸಿ ಹಳೆಯ ಕವಚ ಬಿಸಾಡಿದರೆ ಬಾಗಿಲು ತೆರೆಯುತ್ತದೆ, ಕಾರು ಸ್ಟಾರ್ಟ್ ಆಗುವುದಿಲ್ಲ. ಹೊಸ ಕವಚದಲ್ಲಿ ಒಮ್ಮೆ ಎಂಜಿನ್ ಓಡಿಸಿ ನೋಡುವವರೆಗೂ ಹಳೆಯದನ್ನು ಕೈಬಿಡಬೇಡಿ.

ಸ್ಮಾರ್ಟ್ ಕೀ ಜೇಬಿನಲ್ಲಿದ್ದರೆ ಸಾಕು. ಹಿಡಿಕೆ ಮುಟ್ಟಿದಾಗ ಕಾರು ಹತ್ತಿರದಲ್ಲಷ್ಟೇ ಕೇಳುವ ಕೆಳಕಂಪನಾಂಕದ ಕರೆ ಕಳಿಸುತ್ತದೆ, ಕೀ ರೇಡಿಯೋ ಮೂಲಕ ಉತ್ತರ ಕೊಡುತ್ತದೆ. ಇದರಲ್ಲಿ ಎರಡು ದೌರ್ಬಲ್ಯಗಳಿವೆ. ಕಾರಿನ ಕರೆಯನ್ನು ಎರಡು ಉಪಕರಣಗಳಿಂದ ಹಿಗ್ಗಿಸಿ, ಮನೆಯೊಳಗಿನ ಕೀ ಕಾರಿನ ಪಕ್ಕದಲ್ಲೇ ಇದೆ ಎಂದು ನಂಬಿಸುವ ಕಳ್ಳತನ ಬ್ರಿಟನ್‌ನಲ್ಲಿ ಬಹಳ ನಡೆದಿದೆ. ಕೀಯನ್ನು ಲೋಹದ ಪದರವಿರುವ ಚೀಲದಲ್ಲಿ ಇಡುವುದು ಅಗ್ಗದ ರಕ್ಷಣೆ. ಟೊಯೋಟಾದ ಅನೇಕ ಸ್ಮಾರ್ಟ್ ಕೀಗಳಲ್ಲಿ ಲಾಕ್ ಬಟನ್ ಒತ್ತಿ ಹಿಡಿದು ಅನ್‌ಲಾಕ್ ಎರಡು ಸಲ ಒತ್ತಿದರೆ ದೀಪ ನಾಲ್ಕು ಬಾರಿ ಮಿನುಗಿ ಕೀ ಮಲಗುತ್ತದೆ. ಆಮೇಲೆ ಯಾವುದಾದರೂ ಬಟನ್ ಒತ್ತುವವರೆಗೂ ಅದು ಕಾರಿನ ಕರೆಗೆ ಓಗೊಡುವುದಿಲ್ಲ. ಎರಡನೇ ದೌರ್ಬಲ್ಯ ಬ್ಯಾಟರಿ. ಕೀ ಸದಾ ಕಿವಿಗೊಟ್ಟು ಕೂತಿರುವುದರಿಂದ ಬರೀ ರಿಮೋಟಿಗಿಂತ ಬೇಗ ಬರಿದಾಗುತ್ತದೆ.

ಕೀ ಬ್ಯಾಟರಿ ಬದಲಿಸುವಾಗ ಆಗುವ ತಪ್ಪು ಬಹುತೇಕ ಒಂದೇ. ಸಿಆರ್2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ದಪ್ಪ ಮಾತ್ರ 2.5. ಅಂಗಡಿಯವರು 'ಎರಡೂ ಒಂದೇ' ಎಂದು ಕೊಟ್ಟರೆ ಗೂಡಿನಲ್ಲಿ ಕೂರುತ್ತದೆ, ಆದರೆ ತಗಡಿನ ನಾಲಿಗೆಗೆ ಗಟ್ಟಿಯಾಗಿ ತಾಗುವುದಿಲ್ಲ. ಒಮ್ಮೆ ಕೆಲಸ ಮಾಡಿ ಒಮ್ಮೆ ಮಾಡದ ಕೀ ಆಗುತ್ತದೆ. ಹಳೆಯದರ ಮೇಲಿನ ನಂಬರನ್ನೇ ಕೇಳಿ ತನ್ನಿ, ಪ್ಲಸ್ ಮುಖ ಯಾವ ಕಡೆಗಿತ್ತು ಎಂದು ಫೋಟೋ ತೆಗೆದಿಟ್ಟುಕೊಂಡು ಬಿಚ್ಚಿ. ಕೀ ಮಳೆಯಲ್ಲಿ ನೆನೆದರೆ ಬಟನ್ ಒತ್ತಿ ಪರೀಕ್ಷಿಸುವ ಮೊದಲು ಬ್ಯಾಟರಿ ತೆಗೆಯಿರಿ. ನೀರಿಗಿಂತ, ನೀರಿನೊಳಗೆ ಹರಿಯುವ ಕರೆಂಟ್ ಹಲಗೆಯನ್ನು ಬೇಗ ತಿನ್ನುತ್ತದೆ.

ಸ್ಮಾರ್ಟ್ ಕೀ ಪೂರ್ತಿ ಸತ್ತಾಗ: ಕೀಯ ಬದಿಯ ಸಣ್ಣ ಚಿಲಕ ಒತ್ತಿ ಒಳಗಿನ ಲೋಹದ ಅಲಗನ್ನು ಎಳೆಯಿರಿ. ಚಾಲಕನ ಬಾಗಿಲ ಹಿಡಿಕೆಯಲ್ಲಿ ರಂಧ್ರ ಕಾಣದಿದ್ದರೆ ಅದು ಮುಚ್ಚಳದ ಹಿಂದಿರುತ್ತದೆ. ಮುಚ್ಚಳದ ಅಂಚಿನ ಸಂದಿಗೆ ಅಲಗಿನ ತುದಿ ಕೊಟ್ಟು ಮೆಲ್ಲಗೆ ಎಬ್ಬಿಸಿ. ಬಾಗಿಲು ತೆರೆದಾಗ ಅಲಾರಾಂ ಕೂಗಬಹುದು, ಗಾಬರಿ ಬೇಡ. ಬ್ರೇಕ್ ಅಥವಾ ಕ್ಲಚ್ ಒತ್ತಿ, ಕೀಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ. ಹುಂಡೈಯಲ್ಲಿ ಕೀಯಿಂದಲೇ ಬಟನ್ ಒತ್ತುವುದು, ಟೊಯೋಟಾದಲ್ಲಿ ತಾಗಿಸಿ ಸದ್ದು ಬಂದ ಮೇಲೆ ಒತ್ತುವುದು. ಕೆಲವು ಕಾರುಗಳಲ್ಲಿ ಕೀ ಇಡುವ ಜಾಗ ಲೋಟದ ಗೂಡಿನಲ್ಲೋ ಸ್ಟಿಯರಿಂಗ್ ಕೆಳಗೋ ಇರುತ್ತದೆ. ಇದನ್ನು ಒಮ್ಮೆ ಮನೆಯ ಮುಂದೆಯೇ ಅಭ್ಯಾಸ ಮಾಡಿ. ಆಗುಂಬೆ ಘಾಟಿಯ ಮಳೆಯಲ್ಲಿ ನಿಂತು ಕೈಪಿಡಿ ಹುಡುಕುವ ಕೆಲಸವಲ್ಲ ಅದು.

ಡಿಕ್ಕಿ ತೆರೆಯುವ ದಾರಿಗಳು

ಯಾವ ಕಾರಿನಲ್ಲೂ ಡಿಕ್ಕಿ ಬೀಗದ ಹೃದಯ ಒಂದೇ: ಮುಚ್ಚಳದಲ್ಲಿ ಕೊಕ್ಕೆಯಂಥ ಲ್ಯಾಚ್, ಕಾರಿನ ಮೈಯಲ್ಲಿ ಕಂಬಿಯಂಥ ಸ್ಟ್ರೈಕರ್ (ಕೆಲವು ಕಾರುಗಳಲ್ಲಿ ಅದಲು ಬದಲು). ಮುಚ್ಚಿದಾಗ ಕೊಕ್ಕೆ ಕಂಬಿಯನ್ನು ಹಿಡಿಯುತ್ತದೆ, ಪುಟ್ಟ ತಡೆ ಕೊಕ್ಕೆಯನ್ನು ಜಾಗದಲ್ಲಿ ನಿಲ್ಲಿಸುತ್ತದೆ. ಆ ತಡೆಯನ್ನು ಸರಿಸುವುದು ಏನು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಕೀ ಸರಿಸಬಹುದು, ಕೇಬಲ್ ಸರಿಸಬಹುದು, ಮೋಟಾರ್ ಸರಿಸಬಹುದು.

ಡಿಕ್ಕಿಯ ಮೇಲೆಯೇ ಕೀ ರಂಧ್ರವಿದ್ದರೆ ಬ್ಯಾಟರಿಯ ಹಂಗಿಲ್ಲ. ಅದನ್ನು ಬಳಸದೇ ಬಿಟ್ಟರೆ ಮಾತ್ರ ಕೆಡುತ್ತದೆ. ಓಡುವ ಕಾರಿನ ಹಿಂಭಾಗಕ್ಕೆ ಧೂಳು ಸುತ್ತಿ ಬಂದು ಅಂಟುತ್ತದೆ. ರಾಯಚೂರು, ಕಲಬುರಗಿಯ ಧೂಳು, ಕರಾವಳಿಯ ಉಪ್ಪುಗಾಳಿ ಎರಡೂ ಈ ರಂಧ್ರವನ್ನೇ ಮೊದಲು ಹಿಡಿಯುತ್ತವೆ. ತಿಂಗಳಿಗೊಮ್ಮೆ ಕೀಯಿಂದಲೇ ತೆರೆಯಿರಿ. ಬಿಗಿಯಾದರೆ ಎಣ್ಣೆ ಬಿಡಬೇಡಿ, ಎಣ್ಣೆಗೆ ಧೂಳು ಅಂಟಿ ಹಿತ್ತಾಳೆ ಪಟ್ಟಿಗಳು ಕಚ್ಚಿಕೊಳ್ಳುತ್ತವೆ. ಗ್ರಾಫೈಟ್ ಪುಡಿ ಚಿಟಿಕೆಯಷ್ಟು ಊದಿ, ಕೀ ಹತ್ತು ಸಲ ಒಳಗೆ ಹೊರಗೆ ಆಡಿಸಿ. ಗ್ರೀಸ್ ಬೇಕಿರುವುದು ಒಳಗಿನ ಲ್ಯಾಚಿಗೆ.

ಸೀಟಿನ ಪಕ್ಕದ ಲಿವರ್ ನಮ್ಮ ಸೆಡಾನ್‌ಗಳಲ್ಲಿ ಬಹುಕಾಲದಿಂದ ಇರುವುದು. ಲಿವರಿನಿಂದ ಹೊರಟ ಉಕ್ಕಿನ ಕೇಬಲ್ ಬಾಗಿಲ ಹೊಸ್ತಿಲ ಪಟ್ಟಿಯ ಕೆಳಗೆ ಹಾದು ಹಿಂದಕ್ಕೆ ಹೋಗುತ್ತದೆ. ಲಿವರ್ ಸಡಿಲವಾಗಿ ಬಂದರೆ ಕೇಬಲ್ ತುದಿ ಕಳಚಿದೆ ಅಥವಾ ಹಿಗ್ಗಿದೆ, ಭಾರವಾಗಿ ಬಂದರೆ ಕವಚದೊಳಗೆ ತುಕ್ಕು. ಭಾರವಾದ ಲಿವರನ್ನು ಬಲವಾಗಿ ಎಳೆದೇ ಹೆಚ್ಚಿನ ಕೇಬಲ್‌ಗಳು ಹರಿಯುವುದು. ಒಬ್ಬರು ಡಿಕ್ಕಿಯನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಲಿವರ್ ಎಳೆಯಲಿ. ರಬ್ಬರ್ ಅಂಚಿನ ಅಥವಾ ತುಂಬಿದ ಸಾಮಾನಿನ ಒತ್ತಡ ಲ್ಯಾಚಿನ ಮೇಲಿಂದ ಇಳಿದು ಅದು ಬಿಟ್ಟುಕೊಡುತ್ತದೆ. ಮೋಟಾರ್ ಲ್ಯಾಚಿಗೂ ಇದೇ ಉಪಾಯ ನಡೆಯುತ್ತದೆ. ಲಿವರಿನ ದೊಡ್ಡ ಕೊರತೆ ಸುರಕ್ಷತೆಯದ್ದು. ಕಿಟಕಿ ಒಡೆದವನಿಗೆ ಡಿಕ್ಕಿಯೂ ತೆರೆದಂತೆಯೇ. ಹೋಂಡಾ, ಟೊಯೋಟಾದ ಕೆಲವು ಸೆಡಾನ್‌ಗಳಲ್ಲಿ ಲಿವರಿಗೇ ಪುಟ್ಟ ಬೀಗವಿದ್ದು, ಜೊತೆಗೆ ಡಿಕ್ಕಿ ತೆರೆಯದ ವ್ಯಾಲೆ ಕೀ ಬರುತ್ತಿತ್ತು. ಹೋಟೆಲಿನಲ್ಲಿ ಕಾರು ಪಾರ್ಕ್ ಮಾಡುವವರ ಕೈಗೆ ಆ ಕೀ ಕೊಟ್ಟರೆ ಡಿಕ್ಕಿಯ ಚಿಂತೆ ಇಲ್ಲ. ಹಳೆಯ ಕಾರಿನಲ್ಲಿ ಲಿವರ್ ಎಳೆದರೂ ಡಿಕ್ಕಿ ತೆರೆಯದಿದ್ದರೆ ಈ ಬೀಗ ಬಿದ್ದಿದೆಯೇ ಎಂದು ಮೊದಲು ನೋಡಿ.

ಈಗಿನ ಹ್ಯಾಚ್‌ಬ್ಯಾಕ್, ಎಸ್‌ಯುವಿಗಳಲ್ಲಿ ನಂಬರ್ ಪ್ಲೇಟ್ ಮೇಲಿನ ಪಟ್ಟಿಯ ಕೆಳಗೆ ರಬ್ಬರ್ ಬಟನ್ ಇರುತ್ತದೆ. ಒತ್ತಿದರೆ ಲ್ಯಾಚಿನ ಮೋಟಾರ್ ತಡೆಯನ್ನು ಸರಿಸುತ್ತದೆ. ತೆರೆಯದಿದ್ದಾಗ ಕಿವಿಗೊಟ್ಟು ಕೇಳಿ. 'ಟಕ್' ಎಂದು ಸದ್ದು ಬಂದೂ ಮುಚ್ಚಳ ಏಳದಿದ್ದರೆ ಕರೆಂಟ್ ಸರಿಯಿದೆ, ತೊಂದರೆ ಒತ್ತಡದ್ದು ಅಥವಾ ಸ್ಟ್ರೈಕರಿನದ್ದು. ಸದ್ದೇ ಇಲ್ಲದಿದ್ದರೆ ಹಿಂದಿನ ವೈಪರ್, ನಂಬರ್ ಪ್ಲೇಟ್ ದೀಪ ನೋಡಿ. ಅವೂ ಸತ್ತಿದ್ದರೆ ತಂತಿ ತುಂಡಾಗಿರುವುದು ಬಹುತೇಕ ಖಚಿತ. ಜಾಗವೂ ಗೊತ್ತಿರುವಂಥದ್ದೇ: ಕಾರಿನ ಚಾವಣಿಗೂ ಹಿಂಬಾಗಿಲಿಗೂ ನಡುವೆ ಇರುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆ. ಬಾಗಿಲು ಎತ್ತಿ ಇಳಿಸಿದಾಗಲೆಲ್ಲ ಒಳಗಿನ ತಂತಿ ಮಡಚುತ್ತದೆ, ವರ್ಷಗಳ ನಂತರ ಒಂದೊಂದೇ ಮುರಿಯುತ್ತದೆ. ತಿರುಚಿ ಟೇಪ್ ಸುತ್ತಿದ ಜೋಡಣೆ ಅದೇ ಮಡಿಕೆಯಲ್ಲಿ ಮತ್ತೆ ಮುರಿಯುತ್ತದೆ. ಮೆತ್ತನೆಯ ಸಿಲಿಕೋನ್ ತಂತಿಯ ತುಂಡು ಸೇರಿಸಿ, ಬೆಸುಗೆಯ ಜಾಗಗಳು ಕೊಳವೆಯಿಂದಾಚೆ ಮಡಚದ ಕಡೆ ಬರುವಂತೆ ಮಾಡಿಸಿ. ವೈಪರ್, ದೀಪ ಸರಿಯಿದ್ದು ಬಟನ್ ಮಾತ್ರ ಸತ್ತಿದ್ದರೆ ಅದರ ರಬ್ಬರ್ ಹರಿದು ನೀರು ಒಳಗಿಳಿದಿರುತ್ತದೆ. ಕಾರು ತೊಳೆಯುವಾಗ ಪ್ರೆಷರ್ ನೀರನ್ನು ನೇರ ಅಲ್ಲಿಗೆ ಬಿಡಬಾರದು.

ಇಂಥ ಅನೇಕ ಕಾರುಗಳಲ್ಲಿ ಹೊರಗೆ ಕೀ ರಂಧ್ರ ಇರುವುದಿಲ್ಲ. ತುರ್ತಿನ ದಾರಿ ಒಳಗಿನಿಂದ. ಹಿಂದಿನ ಸೀಟು ಮಡಚಿ, ಟಾರ್ಚ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್ ಹಿಡಿದು ಒಳಗೆ ತೂರಿ, ಹಿಂಬಾಗಿಲ ಒಳಹೊದಿಕೆಯ ಕೆಳಗೆ ನಡುವಿನಲ್ಲಿರುವ ಪುಟ್ಟ ಮುಚ್ಚಳ ತೆಗೆಯಿರಿ. ಒಳಗೆ ಕಾಣುವ ಲಿವರನ್ನು ಕೈಪಿಡಿ ಹೇಳುವ ದಿಕ್ಕಿಗೆ ಸರಿಸಿದರೆ ಬಾಗಿಲು ಬಿಡುತ್ತದೆ. ಕೆಲವು ಮಾದರಿಗಳಲ್ಲಿ ಪುಟ್ಟ ಮುಚ್ಚಳವಿಲ್ಲ, ಇಡೀ ಹೊದಿಕೆ ಬಿಚ್ಚಬೇಕು. ಕೊಳ್ಳುವ ಮೊದಲೇ ಕೈಪಿಡಿಯಲ್ಲಿ ಈ ಪುಟ ತೋರಿಸಲು ಹೇಳಿ.

ಮೋಟಾರಿನಿಂದ ತಾನೇ ಏಳುವ ಹಿಂಬಾಗಿಲು ದೊಡ್ಡ ಎಸ್‌ಯುವಿಗೆ, ಎತ್ತರ ಕಡಿಮೆ ಇರುವವರಿಗೆ ನಿಜಕ್ಕೂ ಉಪಕಾರಿ. ಅಪಾರ್ಟ್‌ಮೆಂಟಿನ ತಗ್ಗು ನೆಲಮಾಳಿಗೆಗೆ ಏಳುವ ಎತ್ತರ ಮಿತಿಗೊಳಿಸಬೇಕು: ಬೇಕಾದಲ್ಲಿ ನಿಲ್ಲಿಸಿ, ಬಾಗಿಲಂಚಿನ ಬಟನ್ ಸುಮಾರು 3 ಸೆಕೆಂಡ್ ಒತ್ತಿ ಹಿಡಿದರೆ ಹೆಚ್ಚಿನವು ಸದ್ದು ಮಾಡಿ ನೆನಪಿಟ್ಟುಕೊಳ್ಳುತ್ತವೆ. ಕಾಲು ಬೀಸಿ ತೆರೆಯುವ ಸೆನ್ಸರ್ ಇದ್ದರೆ ಪಾದವನ್ನು ಬಂಪರಿನ ಕೆಳಗೆ ನೇರ ತೂರಿಸಿ ತಕ್ಷಣ ಹಿಂದೆಳೆಯಬೇಕು, ಅಡ್ಡಕ್ಕೆ ಬೀಸಿದರೆ ಆಗದು. ಜೇಬಿನಲ್ಲಿ ಕೀ ಇಟ್ಟುಕೊಂಡು ಕಾರು ತೊಳೆದರೆ ನೀರಿಗೇ ತೆರೆದುಕೊಳ್ಳುವುದುಂಟು.

ಸೆಡಾನ್ ಮತ್ತು ಹ್ಯಾಚ್‌ಬ್ಯಾಕ್: ಮುಚ್ಚುವಾಗಿನ ವ್ಯತ್ಯಾಸ

ಲಿವರ್ ಇರುವ ಸೆಡಾನ್‌ನಲ್ಲಿ ಡಿಕ್ಕಿ ಬಿದ್ದ ಕ್ಷಣವೇ ಬೀಗ ಬಿದ್ದಂತೆ. ಬಾಗಿಲುಗಳು ತೆರೆದಿವೆಯೋ ಇಲ್ಲವೋ ಲೆಕ್ಕವಿಲ್ಲ. ಸಾಮಾನು ಇಡುವಾಗ ಕೀಯನ್ನು ಡಿಕ್ಕಿಯೊಳಗೆ ಇಟ್ಟು ಮುಚ್ಚಿದರೆ, ಬಾಗಿಲು ತೆರೆದಿದ್ದಾಗ ಲಿವರ್ ಎಳೆದು ಪಾರಾಗಬಹುದು. ಬಾಗಿಲೂ ಲಾಕ್ ಆಗಿದ್ದರೆ ಎರಡನೇ ಕೀಯೇ ಗತಿ. ನಮ್ಮ ಅನೇಕ ಸಣ್ಣ ಸೆಡಾನ್‌ಗಳಲ್ಲಿ ಹಿಂದಿನ ಸೀಟು ಮಡಚುವುದಿಲ್ಲ, ಒಳಗಿನಿಂದ ಹೋಗುವ ದಾರಿಯೂ ಇಲ್ಲ. ಹ್ಯಾಚ್‌ಬ್ಯಾಕ್‌ನಲ್ಲಿ ಹಿಂಬಾಗಿಲು ಸೆಂಟ್ರಲ್ ಲಾಕಿಂಗಿಗೆ ಜೋಡಿಸಿರುತ್ತದೆ, ಬಾಗಿಲು ತೆರೆದಿದ್ದರೆ ಅದೂ ತೆರೆಯುತ್ತದೆ. ಇದೇ ಕಾರಣಕ್ಕೆ ಸಿಗ್ನಲ್ಲಿನಲ್ಲಿ ನಿಂತಾಗ ಲಾಕ್ ಮಾಡದ ಹ್ಯಾಚ್‌ಬ್ಯಾಕ್‌ನ ಹಿಂಬಾಗಿಲನ್ನು ಯಾರಾದರೂ ಎತ್ತಬಹುದು. ಸ್ಮಾರ್ಟ್ ಕೀ ಡಿಕ್ಕಿಯೊಳಗೆ ಉಳಿದರೆ ಕಾರು ಕೂಗಿ ಎಚ್ಚರಿಸುತ್ತದೆ ಅಥವಾ ಮತ್ತೆ ತೆರೆದುಕೊಡುತ್ತದೆ. ಸ್ಟೀಲ್ ಡಬ್ಬಿ, ಪಾತ್ರೆಗಳ ನಡುವೆ ಕೀ ಸಿಕ್ಕಿಕೊಂಡರೆ ಸಿಗ್ನಲ್ ತಡೆದು ಆ ಎಚ್ಚರಿಕೆ ತಪ್ಪಬಹುದು. ಅದನ್ನು ನೆಚ್ಚಿಕೊಂಡು ಕೀಯನ್ನು ಡಿಕ್ಕಿಯಲ್ಲಿ ಇಡಬೇಡಿ.

ಟಾಟಾ ನ್ಯಾನೋದ ಮೊದಲ ಕಾರುಗಳಿಗೆ ತೆರೆಯುವ ಹಿಂಬಾಗಿಲೇ ಇರಲಿಲ್ಲ, ಸೀಟು ಮಡಚಿಯೇ ಸಾಮಾನು ಇಡಬೇಕಿತ್ತು. 2015ರ ಜೆನ್‌ಎಕ್ಸ್ ಮಾದರಿಯಲ್ಲಿ ಅದು ಬಂತು. ಹಳೆಯ ನ್ಯಾನೋ ನೋಡುತ್ತಿರುವವರು ಇದನ್ನು ಗಮನದಲ್ಲಿಡಿ.

ಸಿಎನ್‌ಜಿ ಕಾರಿಗೆ ಬೇರೆಯೇ ಲೆಕ್ಕ. ಸಿಲಿಂಡರೂ ಅದನ್ನು ಕೈಯಿಂದ ಮುಚ್ಚುವ ವಾಲ್ವೂ ಇರುವುದು ಡಿಕ್ಕಿಯಲ್ಲಿ. ಗ್ಯಾಸ್ ವಾಸನೆ ಬಂದಾಗ ಎಂಜಿನ್ ಆರಿಸಿ ಎಲ್ಲರನ್ನೂ ಇಳಿಸಿ ದೂರ ಕಳಿಸುವುದು ಮೊದಲು. ಆಮೇಲೆ ವಾಲ್ವ್ ಮುಚ್ಚಲು ಹೋಗುವವರಿಗೆ ಯಾವ ವಿದ್ಯುತ್ ಸ್ವಿಚ್ಚನ್ನೂ ಒತ್ತದೆ ಡಿಕ್ಕಿ ತೆರೆಯುವಂತಿರಬೇಕು. ಹಾಗಾಗಿ ಸಿಎನ್‌ಜಿ ಕೊಳ್ಳುವವರಿಗೆ, ಅದರಲ್ಲೂ ಟ್ಯಾಕ್ಸಿ ಓಡಿಸುವವರಿಗೆ, ಕೀ ರಂಧ್ರ ಅಥವಾ ಕೇಬಲ್ ಲಿವರ್ ಇರುವ ಡಿಕ್ಕಿಯನ್ನೇ ನಾವು ಹೇಳುವುದು.

ಮಕ್ಕಳಿರುವ ಮನೆಯವರು ನೋಡಬೇಕಾದದ್ದು ಇನ್ನೊಂದಿದೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರಿನಿಂದ ಸೆಡಾನ್ ಡಿಕ್ಕಿಯ ಒಳಗೆ, ಸಿಕ್ಕಿಕೊಂಡವರು ತೆರೆದುಕೊಂಡು ಬರುವ ವ್ಯವಸ್ಥೆ ಕಡ್ಡಾಯ. ಸಾಮಾನ್ಯವಾಗಿ ಅದು ಕತ್ತಲಲ್ಲಿ ಹೊಳೆಯುವ ಹಿಡಿಕೆ. ನಿಮ್ಮ ಕಾರಿನಲ್ಲಿ ಇಲ್ಲದಿದ್ದರೆ ನಿಂತ ಕಾರಿಗೆ ಸದಾ ಬೀಗ ಹಾಕಿ, ಕೀ ಮಕ್ಕಳ ಕೈಗೆಟುಕದ ಕಡೆ ಇಡಿ.

ಎರಡನೇ ಕೀ ಎಲ್ಲಿ ಮಾಡಿಸುವುದು?

ಚಿಪ್ ಇಲ್ಲದ ಕೀಗೆ ಬೀದಿ ಬದಿಯ ಕೀ ಮೇಕರ್ ಸಾಕು, ನೂರಿನ್ನೂರರ ಮಾತು. ಚಿಪ್ ಕೀಗೆ ಎರಡು ದಾರಿ. ಒಂದು, ಇರುವ ಚಿಪ್ಪಿನ ಗುರುತನ್ನೇ ಹೊಸ ಚಿಪ್ಪಿಗೆ ಇಳಿಸುವುದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬೇಗ, ಕಡಿಮೆ ದುಡ್ಡಿಗೆ ಆಗುತ್ತದೆ. ಕಾರಿನ ಲೆಕ್ಕದಲ್ಲಿ ಎರಡೂ ಒಂದೇ ಕೀ. ಇನ್ನೊಂದು, ಡ್ಯಾಶ್‌ಬೋರ್ಡ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿನ ಜೊತೆ ಮಾತಾಡುವ ಕಿಂಡಿ) ಉಪಕರಣ ಹಾಕಿ ಹೊಸ ಕೀಯನ್ನು ಕಾರಿಗೆ ಬೇರೆಯಾಗಿ ಪರಿಚಯಿಸುವುದು. ಕೀ ಕಳೆದುಹೋಗಿದ್ದರೆ ಎರಡನೆಯದೇ ಬೇಕು. ಆಗ ಮಾತ್ರ ಹಳೆಯ ಎಲ್ಲ ಗುರುತುಗಳನ್ನೂ ಅಳಿಸಿ, ಕೈಯಲ್ಲಿರುವ ಕೀಗಳನ್ನಷ್ಟೇ ಮತ್ತೆ ಸೇರಿಸಿ ಕಳೆದ ಕೀಯನ್ನು ನಿಷ್ಪ್ರಯೋಜಕ ಮಾಡಬಹುದು. 'ಹಳೆಯದನ್ನು ಅಳಿಸಿ' ಎಂದು ಬಾಯಿಬಿಟ್ಟು ಹೇಳದಿದ್ದರೆ ಹಲವರು ಬರೀ ಸೇರಿಸಿ ಕಳಿಸುತ್ತಾರೆ. ಎಂಜಿನ್ ಹಿಡಿಯದಂತಾದರೂ ಕಳೆದ ಕೀಯ ಲೋಹದ ಅಲಗು ಬಾಗಿಲನ್ನೂ ಡಿಕ್ಕಿಯನ್ನೂ ತೆರೆಯುತ್ತಲೇ ಇರುತ್ತದೆ. ವಿಳಾಸದ ಸಮೇತ ಕಳೆದಿದ್ದರೆ ಬೀಗದ ಕೊಳವೆಗಳನ್ನೂ ಬದಲಿಸುವುದು ಒಳ್ಳೆಯದು.

ಸ್ಮಾರ್ಟ್ ಕೀಗೆ ಕಂಪನಿಯ ಸರ್ವಿಸ್ ಸೆಂಟರೇ ನಮ್ಮ ಸಲಹೆ. ಆರ್‌ಸಿ, ಗುರುತಿನ ಚೀಟಿ ಕೇಳುತ್ತಾರೆ, ದಿನಗಳು ಹಿಡಿಯಬಹುದು, ಬಿಲ್ಲು ಸಾವಿರಗಳಲ್ಲಿರುತ್ತದೆ, ದುಬಾರಿ ಕಾರುಗಳಲ್ಲಿ ಐದಂಕಿ ಮುಟ್ಟುತ್ತದೆ. ಒಂದು ಕೀ ಕೈಯಲ್ಲಿರುವಾಗ ಇನ್ನೊಂದನ್ನು ಸೇರಿಸುವುದು ಹಗುರ. ಎರಡೂ ಹೋದರೆ ಕಾರನ್ನೇ ಎಳೆಸಿಕೊಂಡು ಹೋಗಬೇಕಾದೀತು. ಇಂಥ ಕಾರಿಗೆ ವಿಮೆಯ ಕೀ ರಿಪ್ಲೇಸ್‌ಮೆಂಟ್ ಆ್ಯಡ್-ಆನ್ ಹಾಕಿಸುವುದು ಲಾಭವೇ. ಕಾರು ಕಳವಾದಾಗ ವಿಮೆಯವರು ಸಾಮಾನ್ಯವಾಗಿ ಎಲ್ಲ ಮೂಲ ಕೀಗಳನ್ನೂ ಕೇಳುತ್ತಾರೆ. ಕೀ ಕಳೆದ ದಿನವೇ ಪೊಲೀಸರಲ್ಲಿ ದಾಖಲಿಸಿ ಸ್ವೀಕೃತಿ ಇಟ್ಟುಕೊಂಡಿರಿ. ಕಳೆದ ವಸ್ತುಗಳ ಬಗ್ಗೆ ಆನ್‌ಲೈನ್‌ನಲ್ಲೇ ದಾಖಲಿಸಲು ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆ ಇದೆ.

ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ

ಎರಡೂ ಕೀ ಕೇಳಿ, ಎರಡರಿಂದಲೂ ಸ್ಟಾರ್ಟ್ ಮಾಡಿ. ಒಂದೇ ಕೀ ಇದ್ದರೆ ಹೊಸ ಕೀಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಅದೇ ಕೀಯಿಂದ ಚಾಲಕನ ಬಾಗಿಲು, ಡಿಕ್ಕಿ, ಇಗ್ನಿಷನ್ ಮೂರನ್ನೂ ತಿರುಗಿಸಿ ನೋಡಿ. ಡಿಕ್ಕಿಗೆ ಮಾತ್ರ ಬೇರೆ ಕೀ ಎಂದರೆ ಬೀಗ ಬದಲಾಗಿದೆ. ಹಿಂದಿನಿಂದ ಗುದ್ದಿಸಿಕೊಂಡ ಕಾರೇ ಎಂದು ತಿಳಿಯಲು ಬಿಡಿ ಚಕ್ರದ ಗುಂಡಿಯ ಕಾರ್ಪೆಟ್ ಎತ್ತಿ ತಗಡಿನ ಬೆಸುಗೆ, ಬಣ್ಣ ನೋಡಿ.

ಡಿಕ್ಕಿ ತೆರೆದಿರುವಾಗಲೇ ಸ್ಕ್ರೂಡ್ರೈವರಿನಿಂದ ಲ್ಯಾಚಿನ ಕೊಕ್ಕೆಯನ್ನು ಒತ್ತಿ ಬೀಗ ಬೀಳಿಸಿ, ನಂತರ ಲಿವರ್, ಕೀ, ಬಟನ್ ಒಂದೊಂದರಿಂದಲೂ ಬಿಡಿಸಿ ನೋಡಿ. ಕೊನೆಯಲ್ಲಿ ಕೊಕ್ಕೆ ತೆರೆದ ಸ್ಥಿತಿಯಲ್ಲಿದೆ ಎಂದು ಖಚಿತವಾದ ಮೇಲೆಯೇ ಮುಚ್ಚಳ ಇಳಿಸಿ. ಬಿದ್ದ ಕೊಕ್ಕೆಯ ಮೇಲೆ ಮುಚ್ಚಿದರೆ ಸ್ಟ್ರೈಕರ್ ಬಾಗುತ್ತದೆ. ಮುಚ್ಚಲು ಎರಡು ಮೂರು ಸಲ ಬಡಿಯಬೇಕಾದರೆ ಸ್ಟ್ರೈಕರಿನ ಬೋಲ್ಟ್ ಸಡಿಲಿಸಿ 1–2 ಮಿಲಿಮೀಟರ್ ಸರಿಸಿದರೆ ಸಾಕಾಗುತ್ತದೆ. ಬಿಚ್ಚುವ ಮೊದಲು ಹಳೆಯ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ. ಹಿಂಬಾಗಿಲನ್ನು ಅರ್ಧ ಎತ್ತಿ, ಕೈಯನ್ನು ಕೆಳಗೇ ಇಟ್ಟುಕೊಂಡು ಹಿಡಿತ ಸಡಿಲಿಸಿ ನೋಡಿ, ತಾನೇ ಕುಸಿಯುತ್ತಿದ್ದರೆ ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳು ಸೋತಿವೆ. ಅವನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು. ಒಂದೇ ಬದಿಗೆ ಹೊಸದು ಹಾಕಿದರೆ ಬಾಗಿಲು ಓರೆಯಾಗಿ ಎಳೆದು, ಲ್ಯಾಚ್ ಸ್ಟ್ರೈಕರಿಗೆ ಸರಿಯಾಗಿ ಕೂರುವುದಿಲ್ಲ.